ಎಣ್ಣೆ ಮುಖ, ಮೊಡವೆ ಮತ್ತು ಆ ಹಸಿರು ಕಲ್ಲು

ಮಳೆಗಾಲ ಶುರುವಾದಾಗಿನಿಂದ ಈ ಅಂಕಣಕ್ಕೆ ಬರುತ್ತಿರುವ ಮೆಸೇಜುಗಳಲ್ಲಿ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಇದೆ. "ನಂದು ಎಣ್ಣೆ ಚರ್ಮ, ಮೊಡವೆ ಬೇರೆ. ಗುವಾ ಶಾ ಮಾಡಬಹುದಾ?" ಕೇಳಿದವರಲ್ಲಿ ಬೆಂಗಳೂರಿನ ಪಿಜಿಯಲ್ಲಿ ಇರೋರು ಇದ್ದಾರೆ, ನನ್ನ ಹಾಗೆ ಮೂಡಿಗೆರೆ ಕಡೆ ತೋಟದ ಮನೆಯ ಜಗಲಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಕರೆಂಟ್ ಯಾವಾಗ ಹೋಗುತ್ತೋ ಅಂತ ಕಾಯುತ್ತಾ ಕೆಲಸ ಮಾಡೋರೂ ಇದ್ದಾರೆ. ಮೂರ್ನಾಲ್ಕು ಹುಡುಗರೂ ಕೇಳಿದ್ದಾರೆ, "ನಗಬೇಡಿ" ಅಂತ ಸೇರಿಸಿ. ನಗುವಂಥದ್ದೇನೂ ಇಲ್ಲ, ಮೊಡವೆಗೆ ಗಂಡು ಹೆಣ್ಣು ಗೊತ್ತಿಲ್ಲ.

ಚಿಕ್ಕ ಉತ್ತರ ಇಷ್ಟು: ಮಾಡಬಹುದು. ಆದರೆ ಮೊಡವೆ ಇರುವ ಜಾಗದಲ್ಲಿ ಬೇಡ, ಮೊಡವೆ ಹೋಗಲಿ ಅನ್ನುವ ಆಸೆಯಿಂದಲೂ ಬೇಡ. ಬಸ್ಸಿನಲ್ಲಿ ಇದ್ದೀರಿ ಅಂದ್ರೆ ಇಷ್ಟು ಓದಿ ಫೋನ್ ಜೇಬಿಗೆ ಹಾಕಿಕೊಳ್ಳಬಹುದು. ಟೈಮ್ ಇದ್ದರೆ ಮುಂದೆ ಓದಿ.

ಮೊದಲು ಹೆಸರು ನೋಡೋಣ. ಚೀನೀ ಭಾಷೆಯಲ್ಲಿ ಗುವಾ ಅಂದ್ರೆ ಕೆರೆಯೋದು. ಹಾಗೆ ಕೆರೆದಾಗ ಚರ್ಮದ ಅಡಿಯಲ್ಲಿ ಮರಳು ಚೆಲ್ಲಿದ ಹಾಗೆ ಏಳುವ ಕೆಂಪು ಚುಕ್ಕೆಗಳೇ ಶಾ. ಮೂಲ ಪದ್ಧತಿ ಬೆನ್ನು, ಭುಜ, ಕತ್ತಿಗೆ ಮಾಡುವಂಥದ್ದು. ಜ್ವರ ಬಂದಾಗ, ಬಿಸಿಲು ಬಡಿದಾಗ ಎಣ್ಣೆ ಹಚ್ಚಿ ಚಮಚದ ಅಂಚಿನಿಂದಲೋ ಕೊಂಬಿನ ತುಂಡಿನಿಂದಲೋ ಎಳೀತಾರೆ. ವಿಯೆಟ್ನಾಂನಲ್ಲಿ ಇದನ್ನೇ ನಾಣ್ಯದಿಂದ ಮಾಡ್ತಾರೆ. ಬೆನ್ನು ನೋಡಿದರೆ ಯಾರೋ ಬಾರುಕೋಲಲ್ಲಿ ಹೊಡೆದ ಹಾಗೆ ಕಾಣುತ್ತದೆ. 2001ರಲ್ಲಿ ಇದೇ ಹೆಸರಿನ ಚೀನೀ ಸಿನಿಮಾ ಬಂತು: ಅಮೆರಿಕದಲ್ಲಿ ಮೊಮ್ಮಗನ ಹೊಟ್ಟೆನೋವಿಗೆ ಅಜ್ಜ ಗುವಾ ಶಾ ಮಾಡ್ತಾನೆ, ಅಲ್ಲಿನ ಅಧಿಕಾರಿಗಳು ಆ ಗುರುತು ನೋಡಿ ಮಗುವಿಗೆ ಹಿಂಸೆ ಕೊಟ್ಟಿದ್ದಾರೆ ಅಂತ ಕೇಸು ಹಾಕ್ತಾರೆ.

ಮುಖದ ಗುವಾ ಶಾ ಇದರ ಮೆತ್ತನೆಯ ತಂಗಿ. ಇದರಲ್ಲಿ ಶಾ ಏಳಲೇಬಾರದು. ಫೋನಿನಲ್ಲಿ ಬರೋ ವಿಡಿಯೊಗಳಲ್ಲಿ ಅಕ್ಕ ತಂಗಿ ಎರಡೂ ಕಲಸಿಹೋಗಿವೆ. "ಕೆಂಪಾದಷ್ಟೂ ಒಳ್ಳೇದು, ವಿಷ ಹೊರಗೆ ಬರ್ತಿದೆ" ಅನ್ನುವ ಮಾತು ಬೆನ್ನಿನಿಂದ ಕೆನ್ನೆಗೆ ಇಳಿದುಬಿಟ್ಟಿದೆ. ವಿಷ ಹೊರಹಾಕುವ ಕೆಲಸಕ್ಕೆ ಲಿವರ್, ಕಿಡ್ನಿ ಇವೆ. ಕೆನ್ನೆ ಕೆಂಪಾದರೆ ರಕ್ತ ಅಲ್ಲಿಗೆ ಜಾಸ್ತಿ ಹರೀತಿದೆ ಅಂತ ಅರ್ಥ. ಚುಕ್ಕೆ ಚುಕ್ಕೆಯಾಗಿ ಕೆಂಪಾದರೆ ಸಣ್ಣ ರಕ್ತನಾಳಗಳು ಒಡೆದಿವೆ ಅಂತ.

ರಕ್ತ ಹರಿಯೋದು ಮಾತ್ರ ಸುಳ್ಳಲ್ಲ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 11 ಆರೋಗ್ಯವಂತರ ಮೈಮೇಲೆ ಗುವಾ ಶಾ ಮಾಡಿ ಅಳೆದರು. ಉಜ್ಜಿದ ಜಾಗದಲ್ಲಿ ಮೊದಲ 7.5 ನಿಮಿಷ ಚರ್ಮದ ಮೇಲ್ಪದರದ ರಕ್ತಸಂಚಾರ ಸುಮಾರು 4 ಪಟ್ಟು ಹೆಚ್ಚಿತ್ತು. ಹನ್ನೊಂದೇ ಜನ, ಅದೂ ಮುಖದ ಮೇಲಲ್ಲ. ಬೆಳಗ್ಗೆ ಎದ್ದಾಗ ಊದಿಕೊಂಡಿರುವ ಕಣ್ಣಿನ ಕೆಳಗಿನ ಭಾಗ ಕೆಲವು ಗಂಟೆ ಇಳಿದ ಹಾಗೆ ಕಾಣೋದೂ ನಿಜ, ಅಲ್ಲಿ ನಿಂತ ನೀರಿನಂಶ ಕಿವಿ ಮುಂದೆ, ದವಡೆ ಕೆಳಗೆ ಇರುವ ದುಗ್ಧಗ್ರಂಥಿಗಳ ಕಡೆ ಸರಿಯುತ್ತದೆ. ಹಲ್ಲು ಕಚ್ಚಿಕೊಂಡು ಮೀಟಿಂಗ್ ಮುಗಿಸುವವರ ದವಡೆಗೆ ಸಿಗುವ ಆರಾಮವಂತೂ ನಾನೇ ಅನುಭವಿಸಿದ್ದು. ನನ್ನ ಮಟ್ಟಿಗೆ ಗುವಾ ಶಾ ಮಾಡಲು ಅದೊಂದೇ ಕಾರಣ ಸಾಕು.

ಆದರೆ ಎಣ್ಣೆ? ಅದು ಕಮ್ಮಿಯಾಗಲ್ಲ. ಮುಖದ ತೈಲಗ್ರಂಥಿಗಳು ಎಷ್ಟು ಎಣ್ಣೆ ಸುರಿಸಬೇಕು ಅನ್ನೋದನ್ನ ಮುಖ್ಯವಾಗಿ ಆಂಡ್ರೊಜೆನ್ ಹಾರ್ಮೋನುಗಳು ನಿರ್ಧರಿಸುತ್ತವೆ, ಕಲ್ಲಿನ ಮಾತನ್ನ ಅವು ಕೇಳಲ್ಲ. ಮೊಡವೆ ಆಗೋದು ನಾಲ್ಕು ಸಂಗತಿ ಸೇರಿದಾಗ: ಎಣ್ಣೆ ಹೆಚ್ಚೋದು, ರೋಮರಂಧ್ರದ ಬಾಯಿ ಸತ್ತ ಕೋಶಗಳಿಂದ ಕಟ್ಟಿಕೊಳ್ಳೋದು, ಒಳಗೆ ಬ್ಯಾಕ್ಟೀರಿಯಾ ಬೆಳೆಯೋದು, ಅದಕ್ಕೆ ದೇಹ ಸಿಟ್ಟಾಗಿ ಊದಿಕೊಳ್ಳೋದು. ಕಲ್ಲಿನಿಂದ ಎಳೆದರೆ ಈ ನಾಲ್ಕರಲ್ಲಿ ಒಂದೂ ಸರಿಹೋಗಲ್ಲ. ಕೆಡುವುದು ಮಾತ್ರ ಸುಲಭ. ಕೀವು ತುಂಬಿದ ಗುಳ್ಳೆಯ ಮೇಲೆ ಒತ್ತಿದರೆ ಅದರ ಗೋಡೆ ಒಳಗೇ ಒಡೆದು, ಊತ ಪಕ್ಕಕ್ಕೂ ಹರಡುತ್ತದೆ.

ಒತ್ತಡ, ತಿಕ್ಕಾಟದಿಂದಲೇ ಮೊಡವೆ ಬರುತ್ತದೆ ಅನ್ನೋದು ಹಳೇ ವಿಷಯ. 1975ರಲ್ಲೇ ಅಮೆರಿಕದ ಚರ್ಮತಜ್ಞರಾದ ಮಿಲ್ಸ್ ಮತ್ತು ಕ್ಲಿಗ್‌ಮನ್ ಇದಕ್ಕೆ 'ಆಕ್ನಿ ಮೆಕ್ಯಾನಿಕಾ' ಅಂತ ಹೆಸರಿಟ್ಟು ಬರೆದಿದ್ದಾರೆ. ಹೆಲ್ಮೆಟ್ ಪಟ್ಟಿ ಉಜ್ಜುವ ಗಲ್ಲ, ಬ್ಯಾಗಿನ ಪಟ್ಟಿ ಕೂರುವ ಭುಜ ಎಲ್ಲ ಈ ಲೆಕ್ಕದಲ್ಲಿ ಬರುತ್ತವೆ. ಕೊಟ್ಟಿಗೆಹಾರದಿಂದ ಚಾರ್ಮಾಡಿ ಇಳಿದು ಹತ್ತುವ ನಮ್ಮ ಕಡೆಯ ಬೈಕ್ ಹುಡುಗರ ಗಲ್ಲ ನೋಡಿದರೆ ಬೇರೆ ಸಾಕ್ಷಿ ಬೇಡ. ಮಳೆಯಲ್ಲಿ ನೆಂದ ಹೆಲ್ಮೆಟ್ಟಿನ ಒಳಬಟ್ಟೆ ಮೂರು ದಿನವಾದರೂ ಒಣಗಲ್ಲ, ಅದನ್ನೇ ಮತ್ತೆ ಹಾಕಿಕೊಳ್ತಾರೆ.

ಈಗ ನಿಜವಾದ ಕಷ್ಟಕ್ಕೆ ಬರ್ತೀನಿ. ಕಲ್ಲಿಗಿಂತ ಜಾಸ್ತಿ ತೊಂದರೆ ಕೊಡೋದು ಕಲ್ಲು ಜಾರಲಿ ಅಂತ ಹಚ್ಚೋ ಎಣ್ಣೆ. ಮಲೆನಾಡಿನ ಮನೆಯಲ್ಲಿ ಎಣ್ಣೆ ಅಂದ್ರೆ ಕೊಬ್ಬರಿ ಎಣ್ಣೆ. ತಲೆಗೂ ಅದೇ, ಕಾಲಿನ ಬಿರುಕಿಗೂ ಅದೇ, ಇಂಬಳ ಕಚ್ಚಿದ ಕಡೆಗೂ ಅದೇ. ಅದು ಹೇಗೆ ಕೆಟ್ಟದಾಗುತ್ತೆ ಅಂತ ನನ್ನ ಅಜ್ಜಿ ಜಗಳಕ್ಕೇ ಬರ್ತಾರೆ. ಅವರ ವಾದದಲ್ಲಿ ಹುರುಳಿದೆ. ಆದರೆ ಅವರ ಕಾಲದ ಎಣ್ಣೆಸ್ನಾನವನ್ನ ಪೂರ್ತಿ ನೆನಪು ಮಾಡಿಕೊಳ್ಳಿ: ಎಣ್ಣೆ ತಿಕ್ಕಿಸಿಕೊಂಡು ಸ್ವಲ್ಪ ಹೊತ್ತು ಕೂತು, ಆಮೇಲೆ ಹಂಡೆಯ ಬಿಸಿನೀರು, ಸೀಗೆಪುಡಿ, ಕಡಲೆಹಿಟ್ಟು. ಹಚ್ಚುವಷ್ಟೇ ಶ್ರದ್ಧೆಯಿಂದ ಎಣ್ಣೆ ತೆಗೆಯುತ್ತಿದ್ದರು. ನಾವು ರಾತ್ರಿ ಮುಖಕ್ಕೆ ಎಣ್ಣೆ ಹಚ್ಚಿ, ಕಲ್ಲು ಎಳೆದು, "ಗ್ಲೋ ಬರಲಿ" ಅಂತ ಹಾಗೇ ಮಲಗ್ತೀವಿ.

ಕೊಬ್ಬರಿ ಎಣ್ಣೆಯ ಹತ್ತಿರ ಹತ್ತಿರ ಅರ್ಧ ಭಾಗ ಲಾರಿಕ್ ಆಮ್ಲ. ನಮ್ಮೆಲ್ಲರ ಚರ್ಮದ ಮೇಲೂ ಮಲಸೀಜಿಯಾ ಅನ್ನೋ ಒಂದು ಶಿಲೀಂಧ್ರ ವಾಸ ಮಾಡುತ್ತದೆ. ಅದು ಬೇಕಾದ ಕೊಬ್ಬಿನಾಮ್ಲವನ್ನ ತಾನೇ ತಯಾರಿಸಿಕೊಳ್ಳಲಾರದು. ಚರ್ಮದ ಮೇಲಿನ ಎಣ್ಣೆಯಿಂದಲೇ ಅದರ ಊಟ ನಡೆಯಬೇಕು. ಪ್ರಯೋಗಾಲಯದಲ್ಲಿ ಅದನ್ನ ಬೆಳೆಸುವಾಗ ಆಲಿವ್ ಎಣ್ಣೆ ಹಾಕ್ತಾರೆ ಅಂದ್ರೆ ಅರ್ಥ ಮಾಡಿಕೊಳ್ಳಿ. ಬೆವರು, ತೇವ, ಎಣ್ಣೆ ಮೂರೂ ಸೇರಿದರೆ ಅದು ರೋಮರಂಧ್ರದೊಳಗೆ ಹೆಚ್ಚಿ, ಹಣೆ, ಎದೆ, ಬೆನ್ನ ಮೇಲೆ ಒಂದೇ ಅಳತೆಯ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಇವು ತುರಿಸುತ್ತವೆ. ಮಾಮೂಲಿ ಮೊಡವೆ ನೋಯುತ್ತದೆ, ಅಷ್ಟಾಗಿ ತುರಿಸಲ್ಲ. ಇದೊಂದು ವ್ಯತ್ಯಾಸ ಗೊತ್ತಿದ್ದರೆ ಎಷ್ಟೋ ದುಡ್ಡು ಉಳಿಯುತ್ತದೆ, ಯಾಕಂದ್ರೆ ಮೊಡವೆಯ ಔಷಧಿ ಈ ಗುಳ್ಳೆಗೆ ಕೆಲಸ ಮಾಡಲ್ಲ, ಇದಕ್ಕೆ ಶಿಲೀಂಧ್ರದ ಔಷಧಿಯೇ ಬೇಕು. ತಲೆಗೆ ಹಚ್ಚಿದ ಎಣ್ಣೆ ಹಣೆಗಿಳಿದು ಬರುವ ಮೊಡವೆಯೂ ಬೇರೆಯದೇ ಒಂದು ಬಗೆ. ತಲೆಗೆ ಪೊಮೇಡ್ ಹಚ್ಚುವವರ ಹಣೆ ನೋಡಿ 1970ರಲ್ಲೇ ಅದಕ್ಕೂ ಹೆಸರು ಬಿದ್ದಿದೆ.

ಹಾಗಾದರೆ ಏನು ಹಚ್ಚೋದು? ನಾನು ಬಳಸೋದು ಸ್ಕ್ವಾಲೇನ್, ಮೂರ್ನಾಲ್ಕು ಹನಿ. ಮಲಸೀಜಿಯಾ ಅದನ್ನ ತಿನ್ನಲ್ಲ, ರಂಧ್ರ ಕಟ್ಟುವ ಗುಣವೂ ಕಡಿಮೆ. ದುಬಾರಿ ಅನ್ನಿಸಿದರೆ ಸುವಾಸನೆ ಇಲ್ಲದ ಮಿನರಲ್ ಆಯಿಲ್ ಆಗುತ್ತದೆ, ಅಂದ್ರೆ ಮಕ್ಕಳ ಎಣ್ಣೆ ಬಾಟಲಿಗಳಲ್ಲಿ ಇರುವಂಥದ್ದು. ಇನ್‌ಸ್ಟಾಗ್ರಾಮ್ ಇದನ್ನ ಬೈಯುತ್ತದೆ, ನಾನು ಬೈಯಲ್ಲ. ಎಣ್ಣೆಯೇ ಬೇಡ ಅನ್ನುವವರು ಅಲೋವೆರಾ ಜೆಲ್ ಹಾಕಬಹುದು, ಆದರೆ ಅದು ಎರಡು ನಿಮಿಷಕ್ಕೆ ಒಣಗಿ ಕಲ್ಲು ಚರ್ಮ ಹಿಡಿದು ಎಳೆಯೋಕೆ ಶುರುವಾಗುತ್ತದೆ, ಮಧ್ಯೆ ಮಧ್ಯೆ ನೀರು ಚಿಮುಕಿಸಿಕೊಳ್ಳಬೇಕು. ಯಾವುದೇ ಹೊಸ ವಸ್ತು ತಂದರೂ ಒಂದು ವಾರ ದವಡೆಯ ಒಂದು ಮೂಲೆಗೆ ಮಾತ್ರ ಹಚ್ಚಿ ನೋಡಿ. ಮುಗಿದ ಮೇಲೆ ಮುಖ ತೊಳೆದುಬಿಡಿ, ಅಜ್ಜಿಯ ಎಣ್ಣೆಸ್ನಾನದ ಹಾಗೆ.

ಈ ಮಧ್ಯೆ ಒಂದು ಮಾತು. ಕಾಫಿ ನಾಡಿಗೆ ಬರೋ ಪ್ರವಾಸಿಗರಿಗೆ ಈಗ ಕಾಫಿ ಸ್ಕ್ರಬ್ ಒಂದು ಆಕರ್ಷಣೆ. ಅದು ಮುಗಿದ ಮೇಲೆ ಗುವಾ ಶಾ, ಎರಡೂ ಸೇರಿಸಿ ಒಂದು ಪ್ಯಾಕೇಜ್. ಕಾಫಿ ಪುಡಿಯ ಕಣದ ಅಂಚು ಒರಟು, ಮೊಡವೆ ಇರುವ ಮುಖಕ್ಕೆ ಅದನ್ನ ತಿಕ್ಕಿ ಮೇಲೆ ಕಲ್ಲೂ ಎಳೆದರೆ ಗೀರಿದ ಗಾಯಕ್ಕೆ ಇಸ್ತ್ರಿ ಹಾಕಿದ ಹಾಗೆ. ಕಾಫಿ ಬೆಳೆಯೋ ಮನೆಯವಳಾಗಿ ಹೇಳ್ತೀನಿ, ಚರಟ ಗುಲಾಬಿ ಗಿಡದ ಬುಡಕ್ಕೆ ಹಾಕಿ.

ಮಾಡುವ ಕ್ರಮ ದೊಡ್ಡ ವಿದ್ಯೆಯೇನಲ್ಲ. ಕೈ ತೊಳೆದು, ಮುಖ ತೊಳೆದು, ಬೆಳಕಿನಲ್ಲಿ ಕನ್ನಡಿ ನೋಡಿ. ಕೆಂಪಾಗಿ ಊದಿದ, ಕೀವಿರುವ, ಮುಟ್ಟಿದರೆ ನೋಯುವ ಗುಳ್ಳೆ ಎಲ್ಲಿದೆ ಅಂತ ಗುರುತಿಸಿಕೊಳ್ಳಿ. ಅದರ ಸುತ್ತ ಒಂದು ಬೆರಳಗಲ ಜಾಗ ಬಿಟ್ಟುಬಿಡಿ. ಎರಡೂ ಕೆನ್ನೆ ತುಂಬ ಹಾಗೇ ಇದ್ದರೆ ಅವತ್ತು ಕೆನ್ನೆಗೆ ರಜೆ, ಕತ್ತಿನ ಹಿಂಭಾಗ, ಭುಜ ಮಾತ್ರ ಮಾಡಿ. ಸುಮ್ಮನಿರುವ ಬ್ಲ್ಯಾಕ್‌ಹೆಡ್‌ಗಳ ಮೇಲೆ ಹಗುರವಾಗಿ ಹೋದರೆ ಏನಾಗಲ್ಲ. ಕಲ್ಲನ್ನ ನೆಟ್ಟಗೆ ಹಿಡಿಯದೆ ಚರ್ಮಕ್ಕೆ ಒರಗಿಸಿ ಹಿಡಿಯಿರಿ. ಕತ್ತಿನಿಂದ ಶುರು, ಆಮೇಲೆ ಗಲ್ಲದಿಂದ ಕಿವಿಯ ಕಡೆ, ಮೂಗಿನ ಪಕ್ಕದಿಂದ ಕಿವಿಯ ಕಡೆ, ಹುಬ್ಬಿನ ಮೇಲಿಂದ ಕೂದಲಿನ ಕಡೆ. ಒಂದೊಂದು ದಾರಿಗೆ ಐದು ಸಲ ಸಾಕು. ಕತ್ತಿನ ಎರಡು ಪಕ್ಕ ನಾಡಿ ಬಡಿಯುವ ಜಾಗದಲ್ಲಿ ಒತ್ತಬಾರದು. ಒತ್ತಡ ಎಷ್ಟು ಅಂತ ಎಲ್ಲರೂ ಕೇಳ್ತಾರೆ. ಮಲಗಿದ ಮಗುವಿನ ಕೆನ್ನೆ ಸವರಿದರೆ ಮಗು ಎಚ್ಚರ ಆಗಬಾರದು, ಅಷ್ಟು. ಒಟ್ಟು ಐದು ನಿಮಿಷ, ವಾರಕ್ಕೆ ಎರಡು ಸಲ. ದಿನಾ ಮಾಡಿದರೆ ಫಲ ಹೆಚ್ಚುತ್ತದೆ ಅನ್ನೋದಕ್ಕೆ ನನಗೆ ಯಾವ ಆಧಾರವೂ ಕಂಡಿಲ್ಲ.

ಇಷ್ಟೊಂದು ಎಚ್ಚರಿಕೆ ಯಾಕೆ ಅಂದ್ರೆ ನಮ್ಮ ಬಣ್ಣ. ಕಂದು ಚರ್ಮದಲ್ಲಿ ಯಾವ ಗಾಯ, ಯಾವ ಉರಿ ಆದರೂ ಆ ಜಾಗದಲ್ಲಿ ಮೆಲನಿನ್ ಹೆಚ್ಚಿ ಕಪ್ಪು ಕಲೆ ಉಳಿಯುತ್ತದೆ. ಮೊಡವೆ ಒಂದು ವಾರದ್ದು, ಕಲೆ ತಿಂಗಳುಗಟ್ಟಲೆಯದ್ದು. ನೀವು ನೋಡುವ ವಿಡಿಯೊಗಳಲ್ಲಿ ಎಷ್ಟೋ ಮಂದಿ ಬಿಳಿ ಚರ್ಮದವರು, ಅವರಿಗೆ ಕೆಂಪಾದದ್ದು ಇಳಿದು ಹೋಗುತ್ತದೆ. ಅದೇ ಒತ್ತಡ ನಮ್ಮ ಕೆನ್ನೆಗೆ ಬಿದ್ದರೆ ದೀಪಾವಳಿಯಲ್ಲಿ ಆದ ಗುರುತು ಯುಗಾದಿಗೂ ಇರುತ್ತದೆ. ಮಳೆಗಾಲದ ಮೋಡ ಅಂತ ಸನ್‌ಸ್ಕ್ರೀನ್ ಬಿಡಬೇಡಿ, ಕಲೆ ಗಾಢ ಆಗೋಕೆ ಮೋಡದ ಬೆಳಕೂ ಸಾಕು. ಎಣ್ಣೆ ಚರ್ಮಕ್ಕೆ ಜೆಲ್ ರೂಪದ್ದು ಒಗ್ಗುತ್ತದೆ.

ಈ ಅಂಕಣ ಬರೆಯಲೇಬೇಕು ಅನ್ನಿಸಿದ್ದು ಕಳಸದ ಹತ್ತಿರ ಇರುವ ನನ್ನ ಚಿಕ್ಕಮ್ಮನ ಮಗಳಿಂದ. ಅವಳನ್ನ ಕೇಳಿಯೇ ಬರೀತಿದ್ದೀನಿ. ಫೆಬ್ರವರಿಯಲ್ಲಿ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಅವಳ ಮದುವೆ ನಿಶ್ಚಯ ಆಯ್ತು, ಮೇ ತಿಂಗಳಿಗೆ ಮುಹೂರ್ತ. ಹದಿನಾರನೇ ವಯಸ್ಸಿನಿಂದ ಮೊಡವೆ. ಯಾವ ಮದುವೆಗೆ ಹೋದರೂ "ಏನೇ ಇದು ಮುಖ?" ಅಂತ ಕೇಳಿ, ಉತ್ತರಕ್ಕೂ ಕಾಯದೆ ಊಟಕ್ಕೆ ಹೋಗೋ ಹೆಂಗಸರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅವಳು ಹಸಿರು ಕಲ್ಲು ತರಿಸಿಕೊಂಡು, ಹೇಗೆ ಮಾಡೋದು ಅಂತ ನನಗೆ ವಿಡಿಯೊ ಕಾಲ್ ಮಾಡಿದಳು. ಒಂದು ಸಲ ಹಗುರವಾಗಿ ಎಳೆದದ್ದಷ್ಟೇ. ಕಲ್ಲು ಹೋದ ದಾರಿಯುದ್ದಕ್ಕೂ ಕೆಂಪು ಗೆರೆ ಎದ್ದಿತು. ಒಂದು ಗಂಟೆ ಬಿಟ್ಟು ಮತ್ತೆ ಕರೆ ಮಾಡಿದಾಗಲೂ ಇತ್ತು.

ಅಷ್ಟು ಹಗುರದ ಎಳೆತಕ್ಕೆ ಹಾಗಾಗಬಾರದು. "ಮುಖಕ್ಕೆ ಏನೇನು ಹಚ್ತೀಯ, ಎಲ್ಲ ತಂದು ತೋರಿಸು" ಅಂದೆ. ಫೇಸ್‌ವಾಶ್, ಪೌಡರ್, ಆಮೇಲೆ ಒಂದು ಸಣ್ಣ ಟ್ಯೂಬು. ಪರಿಚಯದ ಮೆಡಿಕಲ್ ಶಾಪಿನಲ್ಲಿ ಕೊಟ್ಟದ್ದು, ಹಚ್ಚಿದ ನಾಲ್ಕೇ ದಿನಕ್ಕೆ ಮುಖ ಬೆಳ್ಳಗೆ, ನುಣುಪಾಗಿತ್ತಂತೆ. ಬಿಟ್ಟರೆ ಮೊಡವೆ ಇಮ್ಮಡಿಯಾಗಿ ಬರ್ತಿತ್ತಂತೆ. ಹಾಗಾಗಿ ಬಿಡದೆ ಎಂಟು ತಿಂಗಳಿಂದ ಹಚ್ಚುತ್ತಿದ್ದಳು. ಟ್ಯೂಬಿನ ಮೇಲಿದ್ದ ಸಣ್ಣ ಅಕ್ಷರ ಓದಿದರೆ ಜೋರಾದ ಸ್ಟೀರಾಯ್ಡ್.

ಇದು ಅವಳೊಬ್ಬಳ ಕತೆ ಅಲ್ಲ. ನಮ್ಮ ದೇಶದ ಚರ್ಮತಜ್ಞರು ಇದಕ್ಕೆ ಒಂದು ಹೆಸರನ್ನೇ ಇಟ್ಟುಕೊಂಡಿದ್ದಾರೆ, ಸ್ಟೀರಾಯ್ಡ್‌ನಿಂದ ಹಾಳಾದ ಮುಖ ಅಂತ. ಅವರ ಸಂಘ ವರ್ಷಗಟ್ಟಲೆ ಕೂಗಾಡಿದ ಮೇಲೆ 2018ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೀರಾಯ್ಡ್ ಮುಲಾಮುಗಳನ್ನ ಶೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಅಂದ್ರೆ ಡಾಕ್ಟರ್ ಚೀಟಿ ಇಲ್ಲದೆ ಮಾರೋ ಹಾಗಿಲ್ಲ. ಕೌಂಟರಿನಲ್ಲಿ ಏನು ನಡೆಯುತ್ತದೆ ಅಂತ ನಿಮಗೂ ಗೊತ್ತು. ಈ ಮುಲಾಮು ತಿಂಗಳುಗಟ್ಟಲೆ ಬಿದ್ದರೆ ಚರ್ಮ ತೆಳ್ಳಗಾಗುತ್ತದೆ, ಒಳಗಿನ ಸಣ್ಣ ರಕ್ತನಾಳಗಳು ಎದ್ದು ಕಾಣುತ್ತವೆ, ಬಿಸಿಲು ಬಿದ್ದರೆ, ಒಲೆ ಮುಂದೆ ಕೂತರೆ ಉರಿಯುತ್ತದೆ. ಮೊಡವೆಯೂ ಅದರಿಂದಲೇ ಬರುತ್ತದೆ. ಅಂಥ ಮುಖದ ಮೇಲೆ ಯಾವ ಕಲ್ಲೂ ಬೇಡ, ಜೇಡ್ ಆಗಲಿ ವಜ್ರ ಆಗಲಿ.

ಕಳಸದಿಂದ ಚಿಕ್ಕಮಗಳೂರಿಗೆ ಹೋಗಿ ಬರೋದು ಒಂದು ದಿನದ ಕೆಲಸ. ಮೊಡವೆಗೆ ಅಂತ ಯಾರೂ ಅಷ್ಟು ದೂರ ಹೋಗಲ್ಲ, ಅದಕ್ಕೇ ಆ ಟ್ಯೂಬು ಅಷ್ಟು ಸಲೀಸಾಗಿ ಮನೆ ಸೇರೋದು. ನಾನೇ ಕರೆದುಕೊಂಡು ಹೋದೆ. ಡಾಕ್ಟರ್ ಮುಲಾಮನ್ನ ಒಮ್ಮೆಲೇ ನಿಲ್ಲಿಸದೆ ಹಂತಹಂತವಾಗಿ ಇಳಿಸಿದರು, ಮೊಡವೆಗೆ ಬೇರೆ ಔಷಧಿ ಕೊಟ್ಟರು. ಮೊದಲ ಮೂರು ವಾರ ಅವಳ ಮುಖ ನೋಡೋ ಹಾಗಿರಲಿಲ್ಲ, ಅವಳು ಫೋನನ್ನೂ ಎತ್ತುತ್ತಿರಲಿಲ್ಲ. "ಮದುವೆ ಮುಗಿಯೋವರೆಗೆ ಆ ಟ್ಯೂಬೇ ಹಚ್ಚಿಕೊಳ್ಳಲಿ" ಅಂತ ಮನೆಯಲ್ಲಿ ದೊಡ್ಡ ಚರ್ಚೆ ಆಯ್ತು. ಅವಳೇ ಬೇಡ ಅಂದಳು. ಮದುವೆ ಫೋಟೊದಲ್ಲಿ ಕೆನ್ನೆಯ ಗುಳ್ಳೆಗಳು ಮೇಕಪ್ಪಿನ ಅಡಿಯಲ್ಲೂ ಕಾಣ್ತವೆ. ಅಕ್ಟೋಬರ್ ಹೊತ್ತಿಗೆ ಮುಖ ತಿಳಿಯಾಯ್ತು, ಕಲೆ ಇನ್ನೂ ಇವೆ. ಕಲ್ಲನ್ನ ಡಾಕ್ಟರ್ ಹೇಳೋವರೆಗೆ ಮುಟ್ಟಲ್ಲ ಅಂತಿದ್ದಾಳೆ.

ನೀವೂ ಹೀಗೊಂದು ಟ್ಯೂಬ್ ಹಚ್ಚುತ್ತಿದ್ದರೆ ನೀವಾಗೇ ಒಮ್ಮೆಲೇ ಬಿಡಬೇಡಿ, ಡಾಕ್ಟರಿಗೆ ತೋರಿಸಿ. ದೂರದ ಊರಿನಲ್ಲಿದ್ದರೆ ಸರ್ಕಾರದ ಇ-ಸಂಜೀವನಿಯಲ್ಲಿ ಫೋನ್ ಮೂಲಕವೇ ಡಾಕ್ಟರ್ ಹತ್ತಿರ ಉಚಿತವಾಗಿ ಮಾತಾಡಬಹುದು, ಅಲ್ಲಿಂದ ಶುರು ಮಾಡಿ. ಅಡಾಪಲೀನ್, ಟ್ರೆಟಿನೊಯಿನ್, ಬೆಂಜೊಯಿಲ್ ಪೆರಾಕ್ಸೈಡ್ ಹಚ್ಚುವವರು ಮುಖ ಸುಲಿಯುತ್ತಿರುವಷ್ಟು ದಿನ ಕಲ್ಲು ದೂರ ಇಡಿ. (ಬೆಂಜೊಯಿಲ್ ಪೆರಾಕ್ಸೈಡ್ ಬಣ್ಣದ ಟವೆಲ್ಲನ್ನ ಬಿಳಿ ಮಾಡುತ್ತದೆ, ಅಮ್ಮನ ಹೊಸ ಟವೆಲ್ ತಗೋಬೇಡಿ.) ಐಸೊಟ್ರೆಟಿನೊಯಿನ್ ಮಾತ್ರೆ ನುಂಗುತ್ತಿರುವವರ ಚರ್ಮ ಬಲು ಸೂಕ್ಷ್ಮ, ಅವರಿಗೆ ವ್ಯಾಕ್ಸಿಂಗೂ ಬೇಡ, ಗುವಾ ಶಾನೂ ಬೇಡ. ಗಲ್ಲ, ದವಡೆಯಲ್ಲೇ ಗಟ್ಟಿ ಮೊಡವೆ, ಮುಟ್ಟು ಹಿಂದೆಮುಂದೆ, ಗಲ್ಲದ ಮೇಲೆ ಕೂದಲು, ಈ ಮೂರೂ ಇದ್ದರೆ ಪಿಸಿಒಎಸ್ ಇದೆಯಾ ಅಂತ ಒಮ್ಮೆ ನೋಡಿಸಿಕೊಳ್ಳೋದು ಒಳ್ಳೇದು.

ಕೊನೆಗೆ ಕಲ್ಲಿನ ವಿಷಯ. ಜೇಡ್ ಅಂತ ಮಾರೋದೆಲ್ಲ ಜೇಡ್ ಅಲ್ಲ, ಬಣ್ಣದ ಗಾಜೂ ಇರುತ್ತದೆ. ಮುಖಕ್ಕೆ ಅದರಿಂದ ವ್ಯತ್ಯಾಸವೇನಿಲ್ಲ, ಅಂಚು ನುಣುಪಾಗಿದ್ದರೆ ಆಯ್ತು. ಹೇಮಾವತಿಯದ್ದೋ ಭದ್ರೆಯದ್ದೋ ನುಣುಪು ಕಲ್ಲು ಆಗಲ್ವಾ ಅಂತ ಒಬ್ಬರು ಕೇಳಿದ್ದಾರೆ. ಕಣ್ಣಿಗೆ ಕಾಣದ ತೂತುಗಳಿರುತ್ತವೆ, ಎಣ್ಣೆ ಅಲ್ಲೇ ಕೂರುತ್ತದೆ, ಬೇಡ. ಕಂಚಿನದ್ದರಲ್ಲಿ ಉಜ್ಜಿದಾಗ ಮುಖ ಬೂದಿ ಬಣ್ಣ ಆಗುತ್ತದಲ್ಲ, ಅದು ಲೋಹಕ್ಕೂ ಚರ್ಮದ ಎಣ್ಣೆಗೂ ಆದ ಪ್ರತಿಕ್ರಿಯೆ, ಒಳಗಿನ ಕೊಳೆ ಹೊರಬಂದದ್ದಲ್ಲ. ಮೊಡವೆ ಮುಖಕ್ಕೆ ನನ್ನ ಓಟು ಸ್ಟೀಲಿಗೆ. ತೊಳೆಯೋದು ಸುಲಭ, ಕಾವಿ ನೆಲದ ಮೇಲೆ ಬಿದ್ದರೂ ಚೂರಾಗಲ್ಲ. ಅಂಚು ಚಕ್ಕೆ ಎದ್ದ ಕಲ್ಲನ್ನ ಆ ದಿನವೇ ಎಸೆಯಿರಿ.

ಪ್ರತಿ ಸಲ ಸೋಪಿನಲ್ಲಿ ತೊಳೆದು, ಒರೆಸಿ, ಗಾಳಿಗೆ ಬಿಡಬೇಕು. ಮನೆಯಲ್ಲಿ ಒಬ್ಬರಿಗೆ ಒಂದು, ಅಕ್ಕ ತಂಗಿ ಅಂತ ಹಂಚಿಕೊಳ್ಳೋದು ಬೇಡ. ಕಲ್ಲಿನ ಜೊತೆ ಬರೋ ಮಖಮಲ್ ಚೀಲ ಬೆಂಗಳೂರಿನವರಿಗೆ ಸರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಡೆ ಅದಕ್ಕೆ ಬೂಷ್ಟು ಹಿಡಿಯುತ್ತದೆ. ನಾನು ಮುಚ್ಚಳ ಇಲ್ಲದ ಸ್ಟೀಲ್ ಲೋಟದಲ್ಲಿ ನಿಲ್ಲಿಸಿ ಇಡ್ತೀನಿ. ಮುಖ ಒರೆಸೋ ಬಟ್ಟೆಗೂ ಬಚ್ಚಲೊಲೆಯ ಮೇಲೆ ಕಟ್ಟಿದ ಹಗ್ಗವೇ ಗತಿ, ಹೊಗೆಯ ವಾಸನೆ ಇದ್ದರೂ ಪರವಾಗಿಲ್ಲ, ಒಣಗಿರುತ್ತದೆ. ದಿಂಬಿನ ಕವರ್ ವಾರಕ್ಕೆ ಎರಡು ಸಲ ಬದಲಾಯಿಸಿ.

ಹೆಲ್ಮೆಟ್ಟಿನ ಒಳಬಟ್ಟೆ ಬಿಚ್ಚಿ ತೊಳೆಯೋದು ಹೇಗೆ, ಮಳೆಯಲ್ಲಿ ಒಣಗಿಸೋದು ಎಲ್ಲಿ ಅಂತ ಇಬ್ಬರು ಕೇಳಿದ್ದಾರೆ. ಅದು ಮುಂದಿನ ವಾರ.